ಊಳಿಡುವವನ ಮಗನಿಗೆ

ಕಿಝಿಲ್‌ತಾಸ್
12 ಮಾರ್ಚ್ 1943

ನಮ್ಮ ಮನೆಯ ಎರ್ಕೆಗೆ, ಅಂದರೆ ಮುದ್ದು ಮಾಡಿ ಕೆಡಿಸಿದ ಮೈದುನನಿಗೆ, ಅತ್ತಿಗೆ ಬಾಲ್ಕಿಯಾಳ ಸಲಾಮು.

ಅತ್ತೆ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಮೊದಲ ಮಾತು, "ಹೊಟ್ಟೆ ತುಂಬ ತಿಂತಿದ್ದೀಯಾ ಅಂತ ಕೇಳು." ಎರಡನೆಯದೂ ಅದೇ. ಮೂರನೆಯದೂ ಅದೇ ಆದದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಿನ್ನ ವಿಮಾನದ ಚಿತ್ರ ಬರೆದು ಕಳಿಸಿದ್ದೆಯಲ್ಲ, ಅದನ್ನು ಅತ್ತೆ ಬೆಳಕಿಗೆ ಹಿಡಿದು ನೋಡಿದರು. "ಇವನ ಹಿಂದೆ ಯಾರೇ ಕೂರೋದು?" ಅಂದರು. ಯಾರೂ ಇಲ್ಲ ಅತ್ತೆ, ಕಾಳಗದ ವಿಮಾನದಲ್ಲಿ ಒಬ್ಬನೇ ಹೋಗುವುದಂತೆ ಅಂದೆ. "ಒಬ್ಬನೇನಾ? ಕುದುರೆ ಮೇಲಾದ್ರೂ ಹಿಂದೆ ಒಬ್ಬರನ್ನ ಕೂರಿಸ್ಕೋಬಹುದಲ್ಲೇ," ಅಂದವರು ಅವತ್ತು ಊಟಕ್ಕೆ ಏಳಲೇ ಇಲ್ಲ. ಜೊತೆಗೆ ಯಾರೋ ಇರುತ್ತಾರೆ ಅಂತ ಮುಂದಿನ ಕಾಗದದಲ್ಲಿ ಬರೆ. ಸುಳ್ಳಾದರೂ ಚಿಂತೆಯಿಲ್ಲ, ಆ ಪಾಪ ನನ್ನ ಲೆಕ್ಕಕ್ಕೆ ಬರಲಿ.

ಈಗ ನನಗೊಂದು ಪೇಚಾಟ ಬಂದಿದೆ. ಇಷ್ಟು ದಿನ ಕಾಗದದ ಮೇಲಿನ ವಿಳಾಸವನ್ನು ಟಪಾಲಿನ ಒರಾಜ್‌ಬೆಕ್ ಬರೆಯುತ್ತಿದ್ದ. ಹೋದ ವಾರ ಅವನನ್ನೂ ದಂಡಿಗೆ ಕರೆದರು. ಗ್ರಾಮ ಸಮಿತಿಯ ಅಧ್ಯಕ್ಷ ಮಾವ ಮರದ ಕಾಲು ಕಟ್ಟಿಸಿಕೊಳ್ಳಲು ಪಟ್ಟಣದ ಆಸ್ಪತ್ರೆ ಸೇರಿದ್ದಾರೆ. ನಿಮ್ಮಣ್ಣ ಕರಗಂದದ ಕಲ್ಲಿದ್ದಲ ಗಣಿಯಲ್ಲಿ. ಊರಲ್ಲಿ ಉಳಿದದ್ದು ಹೆಂಗಸರು, ಕುರಿ, ಬೀಟ್‌ರೂಟ್ ಹೊಲ. ಇವರಲ್ಲಿ ಅಕ್ಷರ ಬಂದವಳು ನಾನೊಬ್ಬಳೇ, ಅದೂ ಮೂರು ತಿಂಗಳ ಅಕ್ಷರ ಶಾಲೆಯ ಪಂಡಿತೆ.

ಅಕ್ಷರ ಬಂದರೇನು, ನಿನ್ನ ಹೆಸರು ಬರೆಯುವುದು ಹೇಗೆ? ನಾನು ಸೊಸೆಯಾಗಿ ಬಂದಾಗ ನಿನಗೆ ಏಳು ವರ್ಷ. ಮುಸುಕು ತೆಗೆಯುವ ಶಾಸ್ತ್ರದಲ್ಲಿ ನನ್ನ ಮಡಿಲಿನ ಸಕ್ಕರೆ ಕದ್ದು ಓಡಿದವನು ನೀನು. ಅವತ್ತೇ ಎರ್ಕೆ ಅಂತ ಕರೆದೆ. ಈ ಹದಿನಾಲ್ಕು ವರ್ಷದಲ್ಲಿ ನಿನ್ನ ನಿಜದ ಹೆಸರು ನನ್ನ ನಾಲಿಗೆಯ ಮೇಲೆ ಬಂದಿಲ್ಲ. ಗಂಡನ ಹೆಸರು, ಮಾವನ ಹೆಸರು, ಮೈದುನನ ಹೆಸರು ಎತ್ತುವ ಸೊಸೆ ಯಾವ ಮನೆಯಲ್ಲಿದ್ದಾಳೆ ಹೇಳು. ನಿನ್ನ ಕುಲದ ಹೆಸರಂತೂ ಸತ್ತುಹೋದ ಮಾವನವರದೇ. ಕುರಿಹಟ್ಟಿಗೆ ನುಗ್ಗುವ ಆ ಪ್ರಾಣಿ ಅದರಲ್ಲಿದೆ. ಅದನ್ನು ನಾವು ಊಳಿಡುವವ, ಉಲಿಮಾ, ಅಂತಲೇ ಅನ್ನುವವರು. ಬಾಯಲ್ಲಿ ಹೇಳದ್ದನ್ನು ಕೈಯಲ್ಲಿ ಬರೆದರೂ ಹೇಳಿದಂತೆಯೇ.

ಅತ್ತೆಯನ್ನು ಕೇಳಿದೆ. ಅವರೂ ಈ ಮನೆಯ ಸೊಸೆಯೇ ಅಲ್ಲವೇ, "ಏನಾದ್ರೂ ಮಾಡು, ನನ್ನ ಕೇಳ್ಬೇಡ" ಅಂದರು. ಆದ್ದರಿಂದ ಕಾಗದದ ಮೇಲೆ "ಎರ್ಕೆ ಉಲಿಮಾಬಾಯೆವ್" ಅಂತ ಬರೆದಿದ್ದೇನೆ. ಮುದ್ದುಮರಿ, ಊಳಿಡುವವನ ಮಗ. ಅರ್ಥ ಒಂದೇ ತಾನೇ? ಅಷ್ಟು ದೊಡ್ಡ ದಂಡಿನಲ್ಲಿ ಬುದ್ಧಿಯಿರುವವರು ಒಬ್ಬರಾದರೂ ಸಿಕ್ಕಾರು.

ಕುತ್ತಿಗೆಗೆ ಉಣ್ಣೆಬಟ್ಟೆ ಸುತ್ತಿಕೋ. ಅದು ಅತ್ತೆಯ ನಾಲ್ಕನೆಯ ಮಾತು.

ನಿನ್ನ ಅತ್ತಿಗೆ,
ಬಾಲ್ಕಿಯಾ

*

ಕಿಝಿಲ್‌ತಾಸ್
10 ಜೂನ್ 1943

ಎರ್ಕೆ,

ಎರಡು ಕಾಗದ ಹಾಕಿದ್ದೆ. ಎರಡೂ ತಿರುಗಿ ಬಂದವು. ಮೂರು ಮೂಲೆಯಾಗಿ ಮಡಿಸಿದ್ದು ಮಡಿಸಿದಂತೆಯೇ ಇತ್ತು. ಮೇಲೆ ನೀಲಿ ಮುದ್ರೆ: "ಈ ಹೆಸರಿನವರು ಇಲ್ಲಿ ಇಲ್ಲ."

ಅವನ್ನು ತಂದವರು ಅತ್ತೆಯ ಕೈಗೇ ಕೊಟ್ಟರು. ನಾನು ಬೀಟ್‌ರೂಟ್ ಹೊಲದಲ್ಲಿದ್ದೆ. ಕಾಗದ ಹಿಡಿದುಕೊಂಡು ಬರಿಗಾಲಲ್ಲಿ ಹೊಲದವರೆಗೂ ಓಡಿ ಬಂದರು. "ಓದೇ. ಏನೇ ಅದು ನೀಲಿ?" ಅಂದರು. ಓದಿದೆ. "ಇಲ್ಲ ಅಂದ್ರೆ ಏನೇ? ಇಲ್ಲ ಅಂದ್ರೆ ಏನು?" ಅಂತ ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಆಮೇಲೆ ಹೊಳೆಯಿತು. "ಅತ್ತೆ, ಇಲ್ಲದವನು ಉಲಿಮಾಬಾಯೆವ್. ಅವನು ಎಲ್ಲೂ ಇಲ್ಲ, ಅವನು ಹುಟ್ಟೇ ಇಲ್ಲ. ನಮ್ಮವನು ಇದ್ದಾನೆ. ತಪ್ಪು ಆಗಿದ್ದು ಹೆಸರಿನಲ್ಲಿ." ಅತ್ತೆ ಅಲ್ಲೇ ಸಾಲಿನ ಮಧ್ಯೆ ಕೂತು ನಕ್ಕರು, ಅತ್ತರು, ನನ್ನ ಬೆನ್ನಿಗೆ ಎರಡು ಗುದ್ದಿದರು. "ನಿನ್ನ ದಡ್ಡತನಕ್ಕೆ ಆಯಸ್ಸು ಹೆಚ್ಚಲಿ" ಅಂದರು. ನನ್ನನ್ನು ಅವರು ಇಷ್ಟು ಹೊಗಳಿದ್ದು ಇದೇ ಮೊದಲು.

ಮಕ್ಕಳಿಗೆ ಚುಚ್ಚುಮದ್ದು ಹಾಕಲು ರಷ್ಯನ್ ನರ್ಸ್ ಬಂದಿದ್ದಳು. ಅವಳ ಕೈಲಿ ವಿಳಾಸ ಬರೆಸೋಣವೆಂದು ಹೋದೆ. ಹೆಸರು ಕೇಳಿದಳು. ನಾನು ನನ್ನ ಹಣೆ ಮುಟ್ಟಿ ತೋರಿಸಿದೆ. ಕೊನೆಗೆ ಅವಳು ನಗುತ್ತಾ ರಷ್ಯನ್ನಿನಲ್ಲಿ ಒಂದು ಸಾಲು ಬರೆದುಕೊಟ್ಟಳು: "ಹಣೆಯ ಎಡಕ್ಕೆ ಕುದುರೆ ಒದ್ದ ಗಾಯವಿರುವ ಕಝಕ್ ಹುಡುಗನಿಗೆ." ಅದನ್ನು ಉಲಿಮಾಬಾಯೆವ್ ಕೆಳಗೆ ಸೇರಿಸಿದ್ದೇನೆ. ಇದಕ್ಕಿಂತ ಹೆಚ್ಚು ನನ್ನಿಂದಾಗದು.

ಊರಿನ ಸುದ್ದಿ ಅಷ್ಟಕ್ಕಷ್ಟೆ. ಊಳಿಡುವವನು ಈ ವಸಂತದಲ್ಲಿ ಮೂರು ಸಲ ಬಂದ. ಹರಿಯುವುದರ ಆಚೆಯಿಂದ ದಾಟಿ ಬರುತ್ತಾನೆ. ಮೊದಲ ಸಲ ಎರಡು ತೆಗೆದ, ಎರಡನೆಯ ಸಲ ಐದು. ಮೇಲಿನ ಕಣಿವೆಯವರು ಆರು ಕಳೆದುಕೊಂಡರು. ಈಗ ಅವನ ದಾರಿ ಗೊತ್ತಾಗಿದೆ. ಮುಂದಿನ ವಾರ ಎಲ್ಲರೂ ಸೇರಿ ಕಾಯುತ್ತೇವೆ. ಕೋವಿ ಒಂದೇ ಇದೆ, ಅದಕ್ಕೂ ಮದ್ದಿಲ್ಲ.

ಈ ಕಾಗದವಾದರೂ ಸಿಕ್ಕಿತೆಂದು ಒಂದು ಸಾಲು ಬರೆ. ನೀನು ಒಬ್ಬನೇ ಹಾರುತ್ತೀಯೆಂದು ಅತ್ತೆಗೆ ಇನ್ನೂ ಚಿಂತೆ, ಸುಳ್ಳಾದರೂ ಸರಿ, ಜೊತೆಗೆ ಯಾರೋ ಇರುತ್ತಾರೆ ಅಂತ ಬರೆ. ತಿರುಗಿ ಬಂದ ಕಾಗದ ಬಾಗಿಲಲ್ಲಿ ನೋಡುವುದು ನನಗೆ ಆಗುತ್ತಿಲ್ಲ. ಕಾರಣ ಗೊತ್ತಿದ್ದರೂ ಎದೆ ಒಡೆಯುತ್ತದೆ.

ಬಾಲ್ಕಿಯಾ

*

ಯುದ್ಧರಂಗದಿಂದ
25 ಜುಲೈ 1943

ಪ್ರೀತಿಯ ಅತ್ತಿಗೆಗೆ, ಅಮ್ಮನಿಗೆ, ತುರ್ಸಿನ್ ಮಾಡುವ ಸಲಾಮು.

ಸಿಕ್ಕಿತು. ಟಪಾಲು ಹಂಚುವ ಫೆನ್ಯಾ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು, "ಯಾರಪ್ಪ ಉಲಿಮಾಬಾಯೆವ್?" ಅಂತ ಕೂಗಿದಳು. ಯಾರೂ ಏಳಲಿಲ್ಲ. ನಾನೂ ಏಳಲಿಲ್ಲ. ಆಮೇಲೆ ಅವಳು ಮೇಜಿನಿಂದ ಮೇಜಿಗೆ ಬಂದು ಎಲ್ಲರ ಹಣೆ ನೋಡತೊಡಗಿದಳು. ನನ್ನ ಟೋಪಿ ಎತ್ತಿ, "ಕುದುರೆ ಒದ್ದಿದ್ದು ಇವನಿಗೇ" ಅಂದಳು. ಈಗ ಇಡೀ ದಂಡು ನನ್ನನ್ನು ಕುದುರೆ ಅಂತ ಕರೆಯುತ್ತದೆ. ನಿಮ್ಮಿಂದ ಒಂದಿದ್ದ ಹೆಸರು ಮೂರಾಯಿತು ಅತ್ತಿಗೆ.

ಈ ಹೆಸರುಗಳ ಅರ್ಥವೇನು ಅಂತ ಫೆನ್ಯಾ ಪೀಡಿಸಿದಳು. ಹೇಳಿದೆ. ನನ್ನ ಮೊದಲು ಹುಟ್ಟಿದ ಮೂರು ಗಂಡುಮಕ್ಕಳು ತೊಟ್ಟಿಲಲ್ಲೇ ಹೋದರು, ಇವನಾದರೂ ಇರಲಿ ಅಂತ ಅಮ್ಮ ನನಗೆ ತುರ್ಸಿನ್ ಅಂತ ಇಟ್ಟಳು, ನಮ್ಮ ಮಾತಿನಲ್ಲಿ ತುರ್ಸಿನ್ ಅಂದರೆ "ಇರಲಿ" ಅಂತಲೇ ಅರ್ಥ. ಹಾಗಾಗಿ ನಮ್ಮತ್ತಿಗೆ ಮನೆಯಲ್ಲಿ ಇರಲಿ ಎಂಬ ಮಾತನ್ನೇ ಆಡುವುದಿಲ್ಲ. ಪಾತ್ರೆ ಒಲೆಯ ಮೇಲೆ ಇರಲಿ ಅನ್ನಬೇಕಾದರೆ "ಪಾತ್ರೆಯನ್ನ ಒಲೆ ಬಿಟ್ಟುಕೊಡೋದು ಬೇಡ" ಅನ್ನುತ್ತಾರೆ. ಅಪ್ಪ ಕಾಸ್ಕಿರ್‌ಬಾಯ್ ಆದ್ದರಿಂದ ಕಾಸ್ಕಿರ್, ಅಂದರೆ ತೋಳ, ಅನ್ನುವುದಿಲ್ಲ, ಊಳಿಡುವವನು ಅನ್ನುತ್ತಾರೆ. ದೊಡ್ಡಪ್ಪ ಸುಲೇಮೆನ್ ಆದ್ದರಿಂದ ಸು, ಅಂದರೆ ನೀರು, ಅನ್ನುವುದಿಲ್ಲ, ಹರಿಯುವುದು ಅನ್ನುತ್ತಾರೆ. ಫೆನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ಕಣ್ಣೊರೆಸಿಕೊಂಡಳು. ಅವಳ ಇಬ್ಬರು ಅಣ್ಣಂದಿರು ಹೋದ ವರ್ಷ ಸತ್ತರು.

ಅಮ್ಮನಿಗೆ ಹೇಳಿ, ನಾನು ಒಬ್ಬನೇ ಹೋಗುವುದಿಲ್ಲ. ಸುಳ್ಳಲ್ಲ. ನಾವು ಜೋಡಿಜೋಡಿಯಾಗಿ ಹಾರುವುದು. ಮುಂದಿನವನು ಬೇಟೆಯಾಡುತ್ತಾನೆ, ಹಿಂದಿನವನು ಅವನ ಬೆನ್ನು ಕಾಯುತ್ತಾನೆ. ನಾನು ಹಿಂದಿನವನು. ನನ್ನ ಮುಂದಾಳು ಗೊರ್ದೇಯ್, ಸೈಬೀರಿಯಾದವನು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಕುರಿ ಕಾಯುವವನಿಗೆ ಈ ಕೆಲಸ ಹೊಸದಲ್ಲ. ವ್ಯತ್ಯಾಸ ಇಷ್ಟೇ, ಕುರಿ ಗಂಟೆಗೆ ಆರುನೂರು ಕಿಲೋಮೀಟರ್ ಓಡುತ್ತದೆ.

ಈ ತಿಂಗಳು ದಿನಕ್ಕೆ ನಾಲ್ಕು ಸಲ, ಐದು ಸಲ ಏರಿದ್ದೇವೆ. ಬೆಳಿಗ್ಗೆ ಹನ್ನೆರಡು ತಟ್ಟೆ ಇಟ್ಟರೆ ಸಂಜೆಗೆ ಎಂಟು. ಅಡುಗೆಯವಳು ಉಳಿದ ತಟ್ಟೆಗಳನ್ನು ಸದ್ದಾಗದಂತೆ ತೆಗೆಯುತ್ತಾಳೆ. ಈ ಭಾಗ ಅಮ್ಮನಿಗೆ ಓದಬೇಡಿ. ಹೆದರಿಕೆ ಆಗುತ್ತದೆ ಅತ್ತಿಗೆ. ಮೇಲಿದ್ದಾಗ ಅಲ್ಲ, ಇಳಿದ ಮೇಲೆ. ಕೋಟಿನ ಗುಂಡಿಯನ್ನು ಗೊರ್ದೇಯ್ ಬಿಚ್ಚಿಕೊಡಬೇಕು.

ಶತ್ರು ಸಾಲು ದಾಟುವಾಗ ಕಾಗದಪತ್ರವೆಲ್ಲ ಇಲ್ಲೇ ಬಿಟ್ಟು ಹೋಗಬೇಕೆಂದು ನಿಯಮ. ನಿಮ್ಮ ಈ ಕಾಗದವನ್ನು ಮಾತ್ರ ಬೂಟಿನೊಳಗೆ ಇಟ್ಟುಕೊಂಡಿದ್ದೇನೆ. ಬೈಯಬೇಡಿ. ಮುಂದಿನ ಕಾಗದಗಳ ಮೇಲೆ ಅಧ್ಯಕ್ಷರಿಂದ ಹೆಸರು ಬರೆಸಿ.

ನಿಮ್ಮ ಎರ್ಕೆ

*

ಕಿಝಿಲ್‌ತಾಸ್
20 ಡಿಸೆಂಬರ್ 1943

ಎರ್ಕೆ,

ಈ ಕಾಗದ ಯಾರು ಓದುತ್ತಾರೋ ಗೊತ್ತಿಲ್ಲ. ಆದರೂ ಬರೆಯುತ್ತೇನೆ.

ನಿನ್ನೆ ಮಧ್ಯಾಹ್ನ ಅಧ್ಯಕ್ಷ ಮಾವ ಬಂದರು. ಅಂಥ ಚಳಿಯಲ್ಲಿ ಟೋಪಿಯನ್ನು ಕೈಯಲ್ಲಿ ಹಿಡಿದಿದ್ದರು. ಟೋಪಿ ನೋಡಿದ ಕೂಡಲೇ ಅತ್ತೆ ಗೋಡೆ ಹಿಡಿದುಕೊಂಡರು. ಸಾವಿನ ಸುದ್ದಿಯ ಕಪ್ಪು ಕಾಗದ ಅಲ್ಲ ಅಂತ ಮಾವ ಮೊದಲೇ ಹೇಳಿಬಿಟ್ಟರು. ನವೆಂಬರ್ ಹದಿನಾಲ್ಕರಂದು ಕಾಳಗಕ್ಕೆ ಹೋದವನು ಮರಳಿಲ್ಲ, ಕಾಣೆಯಾಗಿದ್ದಾನೆ, ಅಷ್ಟೇ ಬರೆದಿದೆ.

ಸುದ್ದಿ ಹಬ್ಬಿ ಊರ ಹೆಂಗಸರು ಅಳಲು ಬಂದರು. ಅತ್ತೆ ಬಾಗಿಲಿಗೆ ಅಡ್ಡ ಕೂತುಬಿಟ್ಟರು. ಒಬ್ಬರನ್ನೂ ಒಳಗೆ ಬಿಡಲಿಲ್ಲ. "ಕಾಣೆಯಾದ ಕುದುರೆಗೆ ಯಾರಾದ್ರೂ ಅಳ್ತಾರೇನ್ರೇ? ಹುಡುಕ್ತಾರೆ. ಹೋಗಿ ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ," ಅಂದರು. ಬಂದವರು ಕಣ್ಣೀರು ಹಾಗೇ ಇಟ್ಟುಕೊಂಡು ಹಿಂದೆ ಹೋದರು.

ನಾನು ದನದ ಕೊಟ್ಟಿಗೆಗೆ ಹೋಗಿ ಅತ್ತುಬಿಟ್ಟೆ. ನಿನ್ನಮ್ಮನಿಗೆ ಕೇಳಿಸಿರಬೇಕು.

ಎಲ್ಲಿದ್ದರೂ ಬೆಚ್ಚಗೆ ಉಳಿ.

ಬಾಲ್ಕಿಯಾ

*

ಕಿಝಿಲ್‌ತಾಸ್ ಗ್ರಾಮ ಸಮಿತಿಯ ಅಧ್ಯಕ್ಷರಿಗೆ
18 ಜನವರಿ 1944

ಡಿಸೆಂಬರ್ 7ರಂದು ಶತ್ರು ವಶದಲ್ಲಿದ್ದ ಕಾಡಿನ ಕಡೆಯಿಂದ ನಮ್ಮ ಸಾಲು ದಾಟಿ ಬಂದ ವ್ಯಕ್ತಿಯೊಬ್ಬನು ತಾನು ಯುದ್ಧ ವಿಮಾನ ಚಾಲಕ, ಕಿರಿಯ ಲೆಫ್ಟಿನೆಂಟ್ ತುರ್ಸಿನ್ ಕಾಸ್ಕಿರ್‌ಬಾಯೆವ್ ಎಂದು ಹೇಳಿಕೊಂಡಿದ್ದಾನೆ. ಅವನ ಬಳಿ ಗುರುತಿನ ಪತ್ರವಿಲ್ಲ. ಅವನ ದಂಡು ಬೇರೆಡೆಗೆ ಸಾಗಿದೆ. ಅವನ ಮುಂದಾಳು ಸುಟ್ಟಗಾಯದಿಂದ ಆಸ್ಪತ್ರೆಯಲ್ಲಿದ್ದು, ಮಾತನಾಡುವ ಸ್ಥಿತಿಯಲ್ಲಿಲ್ಲ.

ಅವನ ಬೂಟಿನೊಳಗೆ ಸಿಕ್ಕ ಪತ್ರವು ಬೇರೊಂದು ಹೆಸರಿಗೆ ಇದೆ: "ಮುದ್ದುಮರಿ, ಊಳಿಡುವವನ ಮಗ." ಒಳಗೆ ಊಳಿಡುವವನು ಹರಿಯುವುದನ್ನು ದಾಟಿ ಮೂರು ಸಲ ಬಂದ ಬಗೆ, ತೆಗೆದ ಸಂಖ್ಯೆ, ಕಾದು ಕೂರುವ ದಿನ, ಆಯುಧದ ವಿವರ ಇವೆ. ಇದು ಸಂಕೇತ ಭಾಷೆಯಲ್ಲವೆಂದು ನಂಬಲು ಕಾರಣವಿಲ್ಲ.

ಪತ್ರ ಬರೆದವರು ಯಾರೆಂದು ಪತ್ತೆ ಮಾಡಿ, ಪತ್ರವನ್ನು ಯಾರಿಗೆ ಬರೆದದ್ದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ, ಅವರ ಕೈಯಲ್ಲೇ ಪೂರ್ಣ ಹೆಸರು ಬರೆಸಿ ಕಳಿಸತಕ್ಕದ್ದು. ಬೇರೆಯವರ ಹೇಳಿಕೆ ಸಲ್ಲದು. ಉತ್ತರ ಬರುವವರೆಗೆ ವ್ಯಕ್ತಿಯನ್ನು ಕಾವಲಿನಲ್ಲಿಡಲಾಗುವುದು. ಮಾರ್ಚ್ ಮೊದಲ ತಾರೀಖಿನ ನಂತರ ಕಾಯಲಾಗುವುದಿಲ್ಲ.

ಕ್ಯಾಪ್ಟನ್ (ಸಹಿ)

*

ಕಿಝಿಲ್‌ತಾಸ್
9 ಫೆಬ್ರವರಿ 1944

ಎರ್ಕೆ,

ನೀನು ಬದುಕಿದ್ದೀ. ಇದನ್ನು ಬರೆದು ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.

ಅಧ್ಯಕ್ಷ ಮಾವ ಕ್ಯಾಪ್ಟನ್ನನ ಕಾಗದ ಓದಿದಾಗ ಅತ್ತೆ ಮೊದಲ ಸಾಲಿಗೇ ಕುಣಿದಾಡಿಬಿಟ್ಟರು. ಕೊನೆಯ ಸಾಲನ್ನು ನಾನು ಎರಡು ಸಲ ಓದಿಸಿದೆ. ನಿನ್ನನ್ನು ಶತ್ರುವಿನ ಗುಂಡು ಕೊಲ್ಲಲಿಲ್ಲ, ನನ್ನ ಕಾಗದ ಕೊಲ್ಲುತ್ತದೆ ಅನ್ನಿಸಿತು. ಇದು ನಿನ್ನೆಯವರೆಗಿನ ಮಾತು.

ಇವತ್ತು ಬೆಳಿಗ್ಗೆ ಜಿಲ್ಲೆಯಿಂದ ಒಬ್ಬ ಅಧಿಕಾರಿ ಬಂದ. ನಮ್ಮವನೇ, ಆದರೆ ಪಟ್ಟಣದಲ್ಲಿ ಬೆಳೆದವನು. ವಯಸ್ಸು ನಿನಗಿಂತ ನಾಲ್ಕು ಹೆಚ್ಚಿದ್ದೀತು. ಗ್ರಾಮ ಸಮಿತಿಯ ಕೋಣೆಯಲ್ಲಿ ಅತ್ತೆಯನ್ನೂ ನನ್ನನ್ನೂ ಕೂರಿಸಿದ.

"ಈ ಕಾಗದ ಬರೆದದ್ದು ಯಾರು?"

"ನಾನು."

"ಯಾರಿಗೆ?"

"ಮೈದುನನಿಗೆ."

"ಹೆಸರು?"

ನಾನು ನೆಲ ನೋಡಿದೆ. ಅಧ್ಯಕ್ಷ ಮಾವ ಮರದ ಕಾಲು ಕುಟ್ಟುತ್ತಾ ಎದ್ದರು. "ನಾನು ಹೇಳ್ತೀನಪ್ಪ, ಬರ್ಕೋ," ಅಂದರು.

"ನಿಮ್ಮನ್ನ ಕೇಳ್ಲಿಲ್ಲ. ಬರೆದವರೇ ಹೇಳ್ಬೇಕು, ಬರೆದ ಕೈಯೇ ಬರೀಬೇಕು. ಅಕ್ಷರ ತಾಳೆ ನೋಡ್ತಾರೆ."

ಅತ್ತೆ ನಡುವೆ ಬಂದರು. "ತುರ್ಸಿನ್. ನಾನು ಹೆತ್ತಿದ್ದು, ನಾನೇ ಇಟ್ಟಿದ್ದು. ಸಾಕಾ?"

"ಅವನಪ್ಪನ ಹೆಸರು?"

ಅತ್ತೆ ಬಾಯಿ ತೆರೆದರು, ಮುಚ್ಚಿದರು. ಇನ್ನೊಂದು ಸಲ ತೆರೆದರು.

"ಕಟ್ಕೊಂಡ ಗಂಡನ ಹೆಸರು ಗೊತ್ತಿಲ್ವಾ ಅಜ್ಜಿ?"

"ಗೊತ್ತಿದೆ. ಹೇಳಿ ಗೊತ್ತಿಲ್ಲ."

ಅವನು ಪೆನ್ನು ಕೆಳಗಿಟ್ಟ. "ನಮ್ಮಜ್ಜಿಯೂ ಹೀಗೇ ಇದ್ಳು. ಆದ್ರೆ ಅಲ್ಲಿ ಕೂತಿರೋ ಕ್ಯಾಪ್ಟನ್‌ಗೆ ಅಜ್ಜಿ ಇಲ್ಲ, ಕಾಗದ ಇದೆ. ನಾನು 'ಹೆಸರು ಹೇಳಲು ನಿರಾಕರಿಸಿದರು' ಅಂತ ಬರೆದ್ರೆ ಮುಗೀತು. ನಾಚ್ಕೆ ನಿಮ್ದು, ಗುಂಡು ಅವಂದು," ಅಂದ.

ಅತ್ತೆ ನನ್ನ ಕಡೆ ತಿರುಗಿದರು. "ಹೇಳೇ," ಅಂದರು. "ಸತ್ತವರಿಗೆ ಸಿಟ್ಟು ಬಂದ್ರೆ ನನ್ನ ಮೇಲೆ ಬರ್ಲಿ. ನಾನು ನಿನಗಿಂತ ಮೊದ್ಲು ಅವರನ್ನ ನೋಡೋಳು, ಸಮಾಧಾನ ಮಾಡ್ತೀನಿ." ಹಾಗಂದು ಗೋಡೆಗೆ ಮುಖ ಮಾಡಿ, ತಲೆವಸ್ತ್ರದ ಎರಡು ತುದಿಯನ್ನೂ ಕಿವಿಗೆ ಒತ್ತಿಕೊಂಡರು. ಮಾವ ತಾವೇ ಹೊರಗೆ ಹೋದರು.

ನಾಲಿಗೆ ಹೊರಳಲಿಲ್ಲ ಕಣೋ. ಹದಿನೈದು ವರ್ಷ ಮುಚ್ಚಿದ ಬಾಗಿಲು ಅದು. ಕಣ್ಣು ಮುಚ್ಚಿಕೊಂಡು, "ತುರ್ಸಿನ್," ಅಂದೆ.

ನನ್ನ ಸ್ವರ ಎಷ್ಟು ಸಣ್ಣದಿತ್ತೆಂದರೆ ಆ ಹುಡುಗನಿಗೆ ಅದು ಹೆಸರೆಂದು ಹೊಳೆಯಲೇ ಇಲ್ಲ. "ಏನು ಇರಲಿ?" ಅಂದ.

"ಅವನೇ," ಅಂದೆ. "ಅವನು ಇರಲಿ. ತುರ್ಸಿನ್, ಕಾಸ್ಕಿರ್‌ಬಾಯ್ ಮಗ. ಕಾಗದದಲ್ಲಿ ಊಳಿಡುವವನು ಅಂದ್ರೆ ತೋಳ. ಹರಿಯುವುದು ಅಂದ್ರೆ ನೀರು. ನಮ್ಮವು ಏಳು ಕುರಿ ತಿಂತು. ಸಾಕಾ ಸ್ವಾಮಿ? ಎಲ್ಲರ ಹೆಸರೂ ಹೇಳಿಬಿಟ್ಟೆ."

ಆಮೇಲೆ ಬರೆದೆ. ಎರಡು ಕಡೆ ಮಸಿ ಬಿತ್ತು. ಅವನು ಅದರ ಮೇಲೆ ಮರಳು ಚೆಲ್ಲಿ ಆರಿಸಿ, ಮಡಚಿ, ಎದೆಯ ಜೇಬಿನಲ್ಲಿಟ್ಟುಕೊಂಡು ಕುದುರೆ ಹತ್ತಿದ. ಹೋಗುವಾಗ, "ಅಕ್ಕಾ, ಇವತ್ತೇ ಕಳಿಸ್ತೀನಿ," ಅಂದ. ಅಕ್ಕ ಅಂತ ಕರೆಯುವ ಅಗತ್ಯವೇನೂ ಅವನಿಗಿರಲಿಲ್ಲ.

ಹಿಂದೆ ಬರುವಾಗ ಅತ್ತೆ ಮುಂದೆ ಮುಂದೆ ನಡೆದರು. ಹೆಸರೆತ್ತಿದ ಸೊಸೆಯ ಜೊತೆ ನಡೆಯುವುದು ಅವರಿಗೆ ಎಷ್ಟು ಕಷ್ಟವೋ ಅಂತ ನಾನು ಎರಡು ಹೆಜ್ಜೆ ಹಿಂದೆಯೇ ಇದ್ದೆ. ಹೊಳೆ ದಾಟುವ ಜಾಗದಲ್ಲಿ ನಿಂತು, "ಬಟ್ಟೆ ಸರಿಯಾಗಿ ಕಿವಿ ಮುಚ್ಚಿತ್ತು ಕಣೇ, ನಂಗೆ ಏನೂ ಕೇಳಿಸ್ಲಿಲ್ಲ," ಅಂದರು. "ಇನ್ನೊಂದ್ಸಲ ಹೇಳು. ಅವರದ್ದು ಬೇಡ. ಅವನದ್ದು."

ಹೇಳಿದೆ.

ಬಾಲ್ಕಿಯಾ

*

ಯುದ್ಧರಂಗದಿಂದ
2 ಏಪ್ರಿಲ್ 1944

ಅತ್ತಿಗೆ,

ಕಾಲು ಕಳೆದುಕೊಂಡು ಊರಿಗೆ ಹೊರಟ ಗೆಳೆಯನೊಬ್ಬನ ಕೈಲಿ ಇದನ್ನು ಕಳಿಸುತ್ತಿದ್ದೇನೆ, ಅದಕ್ಕೇ ಸ್ವಲ್ಪ ಬಿಚ್ಚಿ ಬರೆಯುತ್ತೇನೆ.

ನವೆಂಬರಿನಲ್ಲಿ ಗೊರ್ದೇಯ್ ಬೆನ್ನಿಗೆ ಇಬ್ಬರು ಬಿದ್ದರು. ಒಬ್ಬನನ್ನು ಓಡಿಸಿದೆ. ಇನ್ನೊಬ್ಬ ಗೊರ್ದೇಯ್ ವಿಮಾನಕ್ಕೂ ನನ್ನ ಬಾಲಕ್ಕೂ ಬೆಂಕಿ ಹಚ್ಚಿದ. ಹಾರಿ ಹಾರುಕೊಡೆ ಬಿಚ್ಚಿದೆ, ಕಾಡಿಗೆ ಬಿದ್ದೆ. ಇಪ್ಪತ್ತಮೂರು ದಿನ ಅಡಗಿ ನಡೆದೆ. ನಮ್ಮವರ ಸಾಲು ಕಂಡಾಗ ಕೈಯೆತ್ತಿ ಓಡಿದೆ. ಎರಡು ದಿನ ಸೂಪು ಕೊಟ್ಟರು, ಮೂರನೆಯ ದಿನ ಬೂಟು ಬಿಚ್ಚಿಸಿದರು.

ಕಾಗದ ಅನುವಾದ ಮಾಡಿದವನು ಒಬ್ಬ ತಾತಾರ. ಪ್ರಾಮಾಣಿಕ. ಇದ್ದ ಪದ ಇದ್ದಂತೆ ಬರೆದುಕೊಟ್ಟ. ಕ್ಯಾಪ್ಟನ್ ಹನ್ನೊಂದು ವಾರ ಅದೇ ಪ್ರಶ್ನೆ ಕೇಳಿದ. ಊಳಿಡುವವನು ಯಾರು? ತೋಳ ಅಂದೆ. ತೋಳಕ್ಕೆ ತೋಳ ಅನ್ನದ ಹೆಂಗಸು ಯಾವ ದೇಶದಲ್ಲಿದ್ದಾಳೆ ಅಂದ. ನಮ್ಮ ಮನೆಯಲ್ಲಿ ಅಂದೆ. ಹೊಡೆಯಲಿಲ್ಲ. ನಂಬಲೂ ಇಲ್ಲ. ಪಕ್ಕದ ಕೋಣೆಯವರನ್ನು ಬೆಳಿಗ್ಗೆ ಕರೆದುಕೊಂಡು ಹೋಗುತ್ತಿದ್ದರು, ಎಲ್ಲರೂ ಮರಳುತ್ತಿರಲಿಲ್ಲ. ಕೊನೆಕೊನೆಗೆ ನನಗೇ ಅನುಮಾನ ಬಂತು, ನಾನು ಯಾರು ಅಂತ.

ನಿಮ್ಮ ಹೇಳಿಕೆ ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ತಲುಪಿತು. ಗಡುವಿಗೆ ಒಂದೇ ದಿನ ಬಾಕಿ. ಈ ಸಲ ಓದಿದ್ದು ತುರ್ಗಾಯ್ ಕಡೆಯ ಒಬ್ಬ ಕಝಕ್ ಅಡುಗೆಯವ. ಓದುತ್ತಾ ಹೋದವನು ಹೆಸರಿನ ಹತ್ತಿರ ನಿಂತುಬಿಟ್ಟ. "ಸೊಸೆ ತಾನೇ ಬರೆದಿದ್ದಾಳೆ," ಅಂದ. "ಇದನ್ನ ಸುಮ್ ಸುಮ್ನೆ ಬರೆಯಲ್ಲ ಸಾಹೇಬ್ರೇ, ನಮ್ಮ ಹೆಂಗಸರು ಸಾಯ್ತಾರೆ ಹೊರತು ಬರೆಯಲ್ಲ." ಕ್ಯಾಪ್ಟನ್ ಆ ಹಾಳೆಯನ್ನು ನನ್ನ ಮುಂದೆ ದೂಡಿದ. ಮಸಿ ಬಿದ್ದ ಜಾಗ ನೋಡಿದೆ. ನನ್ನ ಹೆಸರು ನಿಮ್ಮ ಅಕ್ಷರದಲ್ಲಿ. ಅಲ್ಲಿಯವರೆಗೆ ಅತ್ತಿರಲಿಲ್ಲ.

ಮತ್ತೆ ಹಾರುತ್ತಿದ್ದೇನೆ. ಗೊರ್ದೇಯ್ ಬದುಕಿದ. ಮುಖ ಪೂರ್ತಿ ಹೋಗಿದೆ, ಮಾತು ಇನ್ನೂ ಕಮ್ಮಿಯಾಗಿದೆ.

ನಿಮ್ಮ ತುರ್ಸಿನ್

*

ಪೋಲೆಂಡ್ ಕಡೆಯಿಂದ
11 ಜನವರಿ 1945

ಅತ್ತಿಗೆ, ಅಮ್ಮ,

ಎರಡು ಸುದ್ದಿ. ಬೇಸಿಗೆಯ ಕಾಳಗಗಳಿಗೆ ಪದಕ ಕೊಟ್ಟರು, ಹಿರಿಯ ಲೆಫ್ಟಿನೆಂಟ್ ಮಾಡಿದರು. ಹನ್ನೊಂದು ವಿಮಾನ ಬೀಳಿಸಿದ್ದೇನೆಂದು ಪುಸ್ತಕದಲ್ಲಿದೆ. ಊರಲ್ಲಿ ಹೇಳಿಕೊಳ್ಳಲು ಅಮ್ಮನಿಗೆ ಇದು ಸಾಕು.

ಎರಡನೆಯದು ನಿಮಗೆ ಮಾತ್ರ. ಡಿಸೆಂಬರಿನಲ್ಲಿ ಗೊರ್ದೇಯ್ ಹೋದ. ನಾನು ಅವನ ಹಿಂದೆಯೇ ಇದ್ದೆ, ಬೆನ್ನು ಕಾಯುತ್ತಲೇ ಇದ್ದೆ, ನೆಲದಿಂದ ಬಂದ ಗುಂಡಿಗೆ ಹೋದ. ಈಗ ನಾನೇ ಮುಂದಾಳು. ನನ್ನ ಹಿಂದೆ ಹಾರುವವನು ಪೊಲ್ತಾವಾದ ಪೆತ್ರೋ, ಈಗಷ್ಟೇ ಶಾಲೆ ಮುಗಿಸಿ ಬಂದವನು, ನನ್ನನ್ನು ದೇವರಂತೆ ನೋಡುತ್ತಾನೆ. ಅವನ ನಂಬಿಕೆಯೇ ನನಗೆ ಹೆದರಿಕೆ. ನಾಳೆ ಅಥವಾ ನಾಡಿದ್ದು ದೊಡ್ಡದು ಶುರುವಾಗುತ್ತದೆ, ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ಒಂದು ಕೋರಿಕೆ. ಕಾಗದದ ಮೇಲೆ ಇನ್ನು ಅಧ್ಯಕ್ಷರಿಂದ ಬರೆಸಬೇಡಿ. ಅವರ ಅಕ್ಷರ ಸರ್ಕಾರಿ ನೋಟೀಸಿನ ಹಾಗಿರುತ್ತದೆ, ನೋಡಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ನೀವೇ ಬರೆಯಿರಿ. ಒಂದು ಸಲ ಬರೆದಾಯಿತಲ್ಲ, ಇನ್ನು ಎಂಥ ಸಂಕೋಚ?

ತುರ್ಸಿನ್

*

ಕಿಝಿಲ್‌ತಾಸ್
19 ಏಪ್ರಿಲ್ 1945

ತುರ್ಸಿನ್,

ನೀನು ಕೇಳಿದಂತೆ ಫೆಬ್ರವರಿಯಲ್ಲಿ ನಾನೇ ವಿಳಾಸ ಬರೆದು ಕಾಗದ ಹಾಕಿದೆ. ಎರಡು ಸಲ ಬೇರೆ ಹಾಳೆಯ ಮೇಲೆ ಬರೆದು ಅಭ್ಯಾಸ ಮಾಡಿ, ಮೂರನೆಯ ಸಲ ಕಾಗದದ ಮೇಲೆ. ಇವತ್ತು ಬೆಳಿಗ್ಗೆ ಅದು ತಿರುಗಿ ಬಂತು.

ಮುದ್ರೆ ಬೇರೆ ಥರ ಇದೆ. "ಈ ಹೆಸರಿನವರು ಇಲ್ಲ" ಅಂತ ಇಲ್ಲ. "ವಿಳಾಸದಾರರು ಇಲ್ಲಿಂದ ಹೋಗಿದ್ದಾರೆ" ಅಂತಿದೆ. ಎಲ್ಲಿಗೆ ಅಂತ ಇಲ್ಲ.

ಅಧ್ಯಕ್ಷ ಮಾವ ಮೂರು ಕಾರಣ ಹೇಳಿದರು. ಆಸ್ಪತ್ರೆಗೆ ಹೋಗಿರಬಹುದು. ಬೇರೆ ದಂಡಿಗೆ ಹಾಕಿರಬಹುದು. ಹೊಸ ವಿಮಾನ ತರಲು ಕಾರ್ಖಾನೆಗೆ ಕಳಿಸಿರಬಹುದು. ಹಿಂದಿನ ಸಲವೂ ಹೀಗೇ ಹೆದರಿಸಿ ಬಂದನಲ್ಲ ಅಂದರು. ಹೇಳುವಾಗ ಟೋಪಿ ತಲೆಯ ಮೇಲೇ ಇತ್ತು, ಆದರೆ ನನ್ನ ಮುಖ ನೋಡಲಿಲ್ಲ.

ಅವರು ಹೋದ ಮೇಲೆ ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ನಿನ್ನ ಹೆಸರನ್ನು ಬೆರಳಿಟ್ಟು ಓದಿದೆ. ಹದಿನಾರು ಅಕ್ಷರ. ಒಂದಾದರೂ ತಪ್ಪಿದ್ದೀತೆಂದು ಹುಡುಕಿದೆ. ಒಂದು ಗೀಟು ಹೆಚ್ಚು, ಒಂದು ಗೀಟು ಕಡಿಮೆ, ಏನಾದರೂ. ಇಲ್ಲ. ಟಪಾಲು ಸಂಖ್ಯೆಯೂ ಸರಿ. ಇಡೀ ಜನ್ಮದಲ್ಲಿ ನಾನು ಇಷ್ಟು ಚೆನ್ನಾಗಿ ಏನನ್ನೂ ಬರೆದಿಲ್ಲ.

ಅತ್ತೆ ಹಾಲು ಕರೆದುಕೊಂಡು ಒಳಗೆ ಬಂದರು. ಕಾಗದ ನೋಡಿದರು. ಮುಚ್ಚಿಡಲು ಆಗಲಿಲ್ಲ. ಪಾತ್ರೆಯನ್ನು ಕೆಳಗಿಡದೆ ನಿಂತೇ ಕೇಳಿದರು, "ಮತ್ತೆ ಹೆಸರು ತಪ್ಪು ಬರೆದ್ಯೇನೇ?"

"ಹೂಂ ಅತ್ತೆ," ಅಂದೆ. "ತಪ್ಪು ಬರೆದೆ."

ಆಗ ಉಸಿರು ಬಿಟ್ಟರು ನೋಡು. ಬಾಯಿಗೆ ಬಂದಂತೆ ಬೈದರು. ಕತ್ತೆ ಅಂದರು, ಇಷ್ಟು ವರ್ಷ ಆದ್ರೂ ಒಂದು ಹೆಸರು ನೆಟ್ಟಗೆ ಬರೆಯೋಕೆ ಬರಲ್ವಾ ಅಂದರು, ನಿಮ್ಮಪ್ಪ ನಿನಗೆ ಏನು ಕಲಿಸಿದ ಅಂದರು. ಬೈಯುತ್ತಲೇ ಹುರಿಹಿಟ್ಟಿಗೆ ಹಾಲು ಕಲಸಿ ಎರಡು ಬಟ್ಟಲು ತಿಂದರು. ವಾರದಿಂದ ಅವರು ಸರಿಯಾಗಿ ಉಂಡಿರಲಿಲ್ಲ. ನಾನು ತಲೆತಗ್ಗಿಸಿ ಬೈಸಿಕೊಂಡೆ. ಇನ್ನಷ್ಟು ಬೈಯಲಿ ಅನ್ನಿಸಿತು.

ಈಗ ಅವರು ಮಲಗಿದ್ದಾರೆ. ಹಗಲು ಹೊತ್ತಿನಲ್ಲಿ ಮಲಗುವವರೇ ಅಲ್ಲ. ಎದ್ದ ಕೂಡಲೇ, ಬೇರೆ ಕಾಗದ ಹಾಕಿದೆಯಾ ಅಂತ ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಳಗೆ ನಿನ್ನ ಹೆಸರಿದೆ, ಮೇಲೆ ಮಾತ್ರ ಬರೆಯುವುದಿಲ್ಲ. ಮೇಲೆ ಎರ್ಕೆ ಉಲಿಮಾಬಾಯೆವ್ ಅಂತಲೇ ಬರೆಯುತ್ತೇನೆ. ಯಾರಾದರೂ ನಿನ್ನ ಕೈಗೆ ಕೊಟ್ಟರೆ ನಕ್ಕುಬಿಡು. ತಿರುಗಿ ಬಂದರೆ, ಹೆಸರು ತಪ್ಪಾಗಿತ್ತು, ಅಷ್ಟೇ.

ನಿನ್ನ ಅತ್ತಿಗೆ,
ಬಾಲ್ಕಿಯಾ